ಪತ್ತು ಮತ್ತು ಕಾಯಕ



ಈ ಸಂಜೆ ನಾವು ಸಾಲದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಠದಲ್ಲಿ ಶಿವಯೋಗದ ವಿಚಾರ ಬಿಟ್ಟು ಬಡ್ಡಿ, ಕಂತುಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿದ್ದರೆಂಬುದನ್ನು ನೆನೆಯಿರಿ. ಹಣವನ್ನು ಅವರು ಹೊಲಸೆಂದು ದೂರವಿಡಲಿಲ್ಲ, ದೇವರೆಂದು ತಲೆಯ ಮೇಲೆ ಹೊರಲೂ ಇಲ್ಲ. ಅದು ಸರಿಯಾದ ಕಡೆಗೆ ಹರಿಯುತ್ತದೆಯೋ ಇಲ್ಲವೋ ಎಂಬುದನ್ನು ನೋಡಿದರು.

ಶರಣರು ಕಾಯಕಕ್ಕೆ ಪೂಜೆಗಿಂತ ಮಿಗಿಲಾದ ಸ್ಥಾನ ಕೊಟ್ಟರು. ಆದರೆ ಕಾಯಕ ಮಾಡಲು ಎರಡು ಕೈಗಳಿದ್ದರೆ ಮಾತ್ರ ಸಾಲದು. ನೇಕಾರನಿಗೆ ನೂಲು ಬೇಕು, ಪಾದರಕ್ಷೆ ಹೊಲಿಯುವವನಿಗೆ ತೊಗಲು ಬೇಕು, ಒಕ್ಕಲಿಗನಿಗೆ ಬೀಜ ಗೊಬ್ಬರ ಬೇಕು. ಇವನ್ನು ಮೊದಲು ಕೊಳ್ಳಬೇಕು. ಗಳಿಕೆ ಆಮೇಲೆ ಬರುತ್ತದೆ. ಕೊಳ್ಳುವ ದಿನಕ್ಕೂ ಗಳಿಸುವ ದಿನಕ್ಕೂ ನಡುವೆ ಒಂದು ಹೊಳೆ ಇದೆ. ಆ ಹೊಳೆಯನ್ನು ದಾಟಿಸುವ ದೋಣಿಯೇ ಸಾಲ. ಉಳ್ಳವನು ತನ್ನ ದೋಣಿಯಲ್ಲಿ ದಾಟುತ್ತಾನೆ. ಇಲ್ಲದವನು ಯಾರ ದೋಣಿ ಹತ್ತಬೇಕು? ಅಂಬಿಗನಿಗೆ ಎಷ್ಟು ತೆರಬೇಕು? ಇಂದಿನ ನಮ್ಮ ವಿಚಾರ ಇಷ್ಟೇ.

ನಮ್ಮ ಜನ ಸಾಲ ಕೊಡುವ ಸಂಘಕ್ಕೆ ‘ಪತ್ತಿನ ಸಂಘ’ ಎಂದು ಹೆಸರಿಟ್ಟಿದ್ದಾರೆ. ಪತ್ತು ಎಂದರೆ ಬರಿಯ ಹಣವಲ್ಲ. ಒಬ್ಬನ ಮಾತಿಗೆ ಬಜಾರದಲ್ಲಿ ಇರುವ ಬೆಲೆಯೇ ಅವನ ಪತ್ತು. ‘ಅವನಿಗೆ ಪತ್ತಿದೆ’ ಎಂದರೆ, ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ, ಅವನನ್ನು ನಂಬಬಹುದು ಎಂದರ್ಥ. ಹಾಗಾದರೆ ಬಡವನಿಗೆ ಪತ್ತಿಲ್ಲವೇ? ದಿನ ಬೆಳಗಾದರೆ ದುಡಿದು, ಸಂಜೆಗೆ ಅಂಗಡಿಯ ಉದ್ರಿ ತೀರಿಸಿ, ನಾಳೆ ಮತ್ತೆ ತರುವವನ ಪತ್ತು ಯಾರ ಪತ್ತಿಗಿಂತ ಕಡಿಮೆ? ಅವನಲ್ಲಿ ಪತ್ತಿದೆ. ಅದನ್ನು ಕಾಣುವ ಕಣ್ಣು ಕೊಡುವವನಲ್ಲಿ ಇಲ್ಲ.

ಒಂದು ಲೆಕ್ಕ ಹೇಳುತ್ತೇವೆ, ಕೇಳಿ. ಕಾಯಿಪಲ್ಯೆ ಮಾರುವ ತಾಯಿಯೊಬ್ಬಳು ನಸುಕಿನಲ್ಲಿ ಮಾರುಕಟ್ಟೆಗೆ ಬರುತ್ತಾಳೆ. ಸಾಲದವನು ಅವಳ ಕೈಗೆ 900 ರೂಪಾಯಿ ಎಣಿಸುತ್ತಾನೆ. ಸಂಜೆ 1,000 ರೂಪಾಯಿ ಒಪ್ಪಿಸಬೇಕು. ಈ ಪದ್ಧತಿಯನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಒಂದು ದಿನಕ್ಕೆ ನೂರೇ ರೂಪಾಯಿ ಅಲ್ಲವೇ ಎನ್ನಿಸುತ್ತದೆ. ಆದರೆ ತಿಂಗಳಿಗೆ 3,000 ರೂಪಾಯಿ ಆಯಿತು. ಅಸಲು ಇನ್ನೂ ಆ 900 ರೂಪಾಯಿಯೇ, ಅದೂ ಅವಳದಲ್ಲ. ಆ ನೂರು ರೂಪಾಯಿ ಒಂಬತ್ತು ದಿನ ಅವಳ ಸೆರಗಿನಲ್ಲಿ ಉಳಿದಿದ್ದರೆ 900 ರೂಪಾಯಿ ಅವಳ ಸ್ವಂತ ಬಂಡವಾಳವಾಗುತ್ತಿತ್ತು, ಹತ್ತನೆಯ ದಿನ ಅವಳು ಯಾರ ಮುಂದೆಯೂ ಕೈಯೊಡ್ಡಬೇಕಾಗಿರಲಿಲ್ಲ. ಆ ಒಂಬತ್ತು ದಿನಗಳನ್ನು ಅವಳಿಗೆ ಕೊಡುವವರಿಲ್ಲ. ಮಗುವಿಗೆ ಜ್ವರ ಬಂತು, ಮಳೆ ಹಿಡಿಯಿತು, ಮನೆಯ ಬಾಡಿಗೆಯ ದಿನ ಬಂತು. ಮತ್ತೆ ನಸುಕಿನಲ್ಲಿ ಅದೇ ಬಾಗಿಲು.

ಶಾಸ್ತ್ರದಲ್ಲಿ ಸಾಲದ ಬಡ್ಡಿಗೆ ವೃದ್ಧಿ ಎಂದೂ, ಬಡ್ಡಿಯ ವ್ಯವಹಾರಕ್ಕೆ ಕುಸೀದವೆಂದೂ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 15. ನಾವು ಹೇಳಿದ ತಾಯಿ ಎರಡು ದಿನ ತುಂಬುವುದರೊಳಗೆ ಅದಕ್ಕಿಂತ ಹೆಚ್ಚು ತೆತ್ತಿರುತ್ತಾಳೆ. ವ್ಯಾಪಾರಕ್ಕೆ, ಕಾಡುದಾರಿಯ ವ್ಯಾಪಾರಕ್ಕೆ, ಕಡಲಿನ ವ್ಯಾಪಾರಕ್ಕೆ ಕೌಟಿಲ್ಯನು ಹೆಚ್ಚಿನ ದರಗಳನ್ನು ಒಪ್ಪಿದ್ದಾನೆ. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚು. ಆದರೆ ಮೇರೆ ಮೀರಿದರೆ ದಂಡ. ಅಂತಹ ವ್ಯವಹಾರಕ್ಕೆ ಸಾಕ್ಷಿಯಾದವರಿಗೂ ಅರ್ಧ ದಂಡ! ರೋಗಿಯ, ಬಾಲಕನ, ಏನೂ ಇಲ್ಲದ ನಿರ್ಗತಿಕನ ಸಾಲ ಬೆಳೆಯಕೂಡದೆಂದೂ, ಬೇಸಾಯದ ಕೆಲಸದ ಹೊತ್ತಿನಲ್ಲಿ ರೈತನನ್ನು ಸಾಲಕ್ಕಾಗಿ ಹಿಡಿಯಕೂಡದೆಂದೂ ಅಲ್ಲಿಯೇ ವಿಧಿಯಿದೆ.

ಮನುಸ್ಮೃತಿಯಲ್ಲಿ ಬೇರೊಂದು ಮಾತೂ ಇದೆ. ಮೇಲಿನ ವರ್ಣದವನಿಗೆ ತಿಂಗಳಿಗೆ ನೂರಕ್ಕೆ ಎರಡು, ಕೆಳಗಿಳಿದಂತೆ ಮೂರು, ನಾಲ್ಕು, ಕೊನೆಯವನಿಗೆ ಐದು. ಯಾರಲ್ಲಿ ಕಡಿಮೆ ಇದೆಯೋ ಅವನಿಂದಲೇ ಹೆಚ್ಚು ಕಿತ್ತುಕೊಳ್ಳುವ ಲೆಕ್ಕ ಇದು. ಶರಣಧರ್ಮ ಈ ತಾರತಮ್ಯವನ್ನು ಒಪ್ಪಲಿಲ್ಲ. ಆದರೆ ಇಂದು ನಮ್ಮ ಸುತ್ತ ನೋಡಿರಿ. ದೊಡ್ಡ ಕಾರು ಕೊಳ್ಳುವವನಿಗೆ ವರ್ಷಕ್ಕೆ ನೂರಕ್ಕೆ ಎಂಟೊಂಬತ್ತು ರೂಪಾಯಿ ಬಡ್ಡಿಗೆ ಸಾಲ ಸಿಗುತ್ತದೆ. ತಳ್ಳುಗಾಡಿ ಕೊಳ್ಳುವವನು ಕೈಸಾಲಕ್ಕೆ ಹೋದರೆ ತಿಂಗಳಿಗೆ ನೂರಕ್ಕೆ ಐದು, ಹತ್ತು ಕೇಳುತ್ತಾರೆ. ಬಾಯಲ್ಲಿ ಮನುವನ್ನು ನಿರಾಕರಿಸಿ, ಬಜಾರದಲ್ಲಿ ಅವನ ಲೆಕ್ಕವನ್ನೇ ನಡೆಸಿದರೆ ನಾವು ಯಾವ ಧರ್ಮದವರು?

ಈ ಅನ್ಯಾಯಕ್ಕೆ ಉತ್ತರ ಹುಡುಕಿದವರು ಈ ನೆಲದಲ್ಲಿಯೇ ಇದ್ದರು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ದೇಶದಲ್ಲಿ ಸಹಕಾರಿ ಕಾಯಿದೆ ಬಂದಿತ್ತು. ಆ ಕಾಯಿದೆಯಂತೆ ಹಳ್ಳಿಯ ಸಂಘದಲ್ಲಿ ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ನೆರೆಯವನು ನೆರೆಯವನ ಪತ್ತನ್ನು ಬಲ್ಲ ಎಂಬ ನಂಬಿಕೆಯೇ ಅದರ ಅಡಿಪಾಯ. 1925ರಲ್ಲಿ ಉಡುಪಿಯಲ್ಲಿ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಬ್ಯಾಂಕೊಂದನ್ನು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದರು. ಬಡವನ ಎರಡಾಣೆಗೂ ಲೆಕ್ಕವಿದೆ, ಗೌರವವಿದೆ ಎಂದು ತೋರಿಸಿದರು.

1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. 1980ರ ದಶಕದಲ್ಲಿ ನಮ್ಮ ರಾಜ್ಯದ ಮೈರಾಡ ಸಂಸ್ಥೆಯ ಆಸರೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಹದಿನೈದಿಪ್ಪತ್ತು ಜನ ಸೇರಿ, ವಾರವಾರ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳತೊಡಗಿದರು. 1992ರಲ್ಲಿ ನಬಾರ್ಡ್ ಇಂತಹ 500 ಗುಂಪುಗಳಿಗೆ ಬ್ಯಾಂಕಿನ ಸಾಲ ಕೊಡಿಸುವ ಪ್ರಯೋಗ ಮಾಡಿತು. ಇಂದು ಸ್ವಸಹಾಯ ಸಂಘವಿಲ್ಲದ ಊರು ಸಿಗುವುದು ಅಪರೂಪ. 2014ರಲ್ಲಿ ಜನಧನ ಯೋಜನೆ ಬಂದು 50 ಕೋಟಿಗೂ ಮಿಕ್ಕಿ ಖಾತೆಗಳಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳವು. 2015ರ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಕ್ಕೆ ಅಡವಿಲ್ಲದೆ ಸಾಲ. 2020ರ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗೆ ಮೊದಲು 10,000 ರೂಪಾಯಿ. 2025ರಲ್ಲಿ ಅದು 15,000ಕ್ಕೆ ಏರಿತು. ಇವೆಲ್ಲ ಒಳ್ಳೆಯ ಕೆಲಸಗಳೆಂದು ನಾವು ಮನಸಾರೆ ಹೇಳುತ್ತೇವೆ.

ಆದರೆ ಭಕ್ತರೇ, ಕೆರೆ ತುಂಬಿದ ಮಾತ್ರಕ್ಕೆ ಎಲ್ಲ ಹೊಲ ನೆನೆಯುವುದಿಲ್ಲ. ಕಾಲುವೆಯ ತಲೆಯಲ್ಲಿರುವವನು ಎರಡು ಬೆಳೆ ತೆಗೆಯುತ್ತಾನೆ. ಕೊನೆಯಲ್ಲಿರುವವನು ಕಾಲುವೆಯ ಒಣ ಮಣ್ಣನ್ನು ನೋಡುತ್ತಾ ನಿಲ್ಲುತ್ತಾನೆ. ಖಾತೆಯ ಪುಸ್ತಕ ಎಲ್ಲರ ಮನೆಗೂ ಬಂತು. ಹೊತ್ತಿಗೆ ಬೇಕಾದ ಸಾಲ ಬಂದಿದೆಯೇ? ಸಕಾಲದಲ್ಲಿ ತೀರಿಸುವ ರೈತನಿಗೆ ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲವಿದೆ. ಆದರೆ ಪಹಣಿ ತನ್ನ ಹೆಸರಿನಲ್ಲಿಲ್ಲದ, ಕೋರು ಪಾಲಿಗೆ ಹೊಲ ಮಾಡುವವನು ಯಾವ ಕಾಗದ ತೋರಿಸಬೇಕು? ಬಿತ್ತನೆಯ ಹದ ಮೂರು ದಿನ ಇರುತ್ತದೆ, ಅರ್ಜಿ ಮೂರು ವಾರ ಮೇಜಿನ ಮೇಲೆ ಮಲಗುತ್ತದೆ. ಹದ ತಪ್ಪಿದ ಮೇಲೆ ಬಂದ ಸಾಲ ಸಾಲವಲ್ಲ, ಹೊರೆ.

ಹೀಗೆ ಸರಿಯಾದ ಬಾಗಿಲು ತೆರೆಯುವುದು ತಡವಾದಲ್ಲೆಲ್ಲ ಬೇರೆ ಬಾಗಿಲುಗಳು ಬೇಗ ತೆರೆದವು. ಕಿರುಸಾಲದ ಕಂಪನಿಗಳು ಮನೆಬಾಗಿಲಿಗೇ ಬಂದವು. ಅವುಗಳಿಂದ ಬದುಕು ಕಟ್ಟಿಕೊಂಡವರೂ ಇದ್ದಾರೆ, ಇಲ್ಲವೆನ್ನುವುದು ಧರ್ಮವಲ್ಲ. ಆದರೆ ಒಂದು ಮನೆಗೆ ನಾಲ್ಕು ಕಡೆಯಿಂದ ಸಾಲ ಬಂತು. ಒಂದರ ಕಂತು ಕಟ್ಟಲು ಇನ್ನೊಂದರ ಸಾಲ. ನೆರೆಯವಳ ಪತ್ತಿಗೆ ಆಸರೆಯಾಗಬೇಕಾದ ಗುಂಪಿನ ಹೊಣೆ ಅವಳ ಕೊರಳಿನ ಹಗ್ಗವಾಯಿತು. 2025ರ ಆರಂಭದಲ್ಲಿ ವಸೂಲಿಯ ಕಿರುಕುಳಕ್ಕೆ ಅಂಜಿ ರಾಜ್ಯದ ಹಲವೆಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆಗ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲಾತ್ಕಾರದಿಂದ ವಸೂಲು ಮಾಡುವವರಿಗೆ 10 ವರ್ಷದವರೆಗೆ ಸೆರೆಮನೆ, 5 ಲಕ್ಷ ರೂಪಾಯಿಯವರೆಗೆ ದಂಡವನ್ನು ಅದು ವಿಧಿಸಿತು. ರಿಸರ್ವ್ ಬ್ಯಾಂಕಿನ 2022ರ ನಿಯಮವೂ ಇದೆ: ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗಾಗಿ ಕರೆ ಮಾಡಬಾರದು. ತಾಯಂದಿರೇ, ಇದನ್ನು ನೆನಪಿಟ್ಟುಕೊಳ್ಳಿರಿ. ಹೆದರಿಕೆಗೆ ಔಷಧ ತಿಳಿವಳಿಕೆ.

ಆದರೆ ದಂಡ ಕೆಟ್ಟ ಬಾಗಿಲನ್ನು ಮುಚ್ಚಬಲ್ಲದು, ಒಳ್ಳೆಯ ಬಾಗಿಲನ್ನು ತೆರೆಯಲಾರದು. ಕಾನೂನಿನ ಮರುದಿನವೂ ಆ ತಾಯಿಗೆ ನಸುಕಿನಲ್ಲಿ 900 ರೂಪಾಯಿ ಬೇಕೇ ಬೇಕು. ಅದನ್ನು ಕೊಡುವವರಾರು? ಇಲ್ಲಿ ಕುಳಿತಿರುವ ನಿಮ್ಮನ್ನೇ ನಾವು ಕೇಳುತ್ತಿದ್ದೇವೆ. ನಿಮ್ಮಲ್ಲಿ ಸೊಸೈಟಿಗಳ ನಿರ್ದೇಶಕರಿದ್ದೀರಿ, ಬ್ಯಾಂಕಿನ ನೌಕರರಿದ್ದೀರಿ, ದಲಾಲಿ ಅಂಗಡಿಯ ವರ್ತಕರಿದ್ದೀರಿ. ನಿರ್ದೇಶಕರೇ, ಸಂಘದ ಹಣ ನಿಮ್ಮ ಬಂಧುಗಳಿಗೂ ಚುನಾವಣೆಯ ಗೆಳೆಯರಿಗೂ ಮೊದಲು ಹರಿದರೆ ಕಾಲುವೆಯ ಬಾಯಿ ಕಟ್ಟಿದವರು ನೀವೇ. ನೌಕರರೇ, ಹರಕು ಸೀರೆಯುಟ್ಟು ಬಂದವಳಿಗೆ ‘ನಾಳೆ ಬಾ’ ಎನ್ನುವ ಮುನ್ನ, ನಾಳೆ ಅವಳು ಯಾರ ಬಳಿಗೆ ಹೋಗುತ್ತಾಳೆಂದು ಯೋಚಿಸಿರಿ. ಅವಳ ಅರ್ಜಿಯನ್ನು ಬರೆದುಕೊಡುವುದೂ ದಾಸೋಹವೇ. ವರ್ತಕರೇ, ಬಡ್ಡಿ ಹಿಡಿಯಬೇಡಿರೆಂದು ನಾವು ಹೇಳುತ್ತಿಲ್ಲ. ನ್ಯಾಯದ ಮೇರೆ ಮೀರಬೇಡಿರಿ. ಹಾಗೆ ಕೂಡಿಸಿದ ಹಣವನ್ನು ಮಠಕ್ಕೆ ಕಾಣಿಕೆಯಾಗಿ ತಂದರೆ ಅದು ಶುದ್ಧವಾಗುವುದಿಲ್ಲ. ಮಠಕ್ಕೆ ಅಂತಹ ಕಾಣಿಕೆ ಬೇಡ.

ಸಾಲ ಪಡೆಯುವವರಿಗೂ ಒಂದು ಮಾತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮತಾಯಿ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬನ್ನಿರೆಂದು ಕಳಿಸಿದರು. ದಾನಕ್ಕೆ ಇರುವ ಆ ಮೇರೆ ಸಾಲಕ್ಕೂ ಇದೆ. ಎಮ್ಮೆ ತರಲು, ಹೊಲಿಗೆಯಂತ್ರ ಕೊಳ್ಳಲು ಮಾಡಿದ ಸಾಲ ತನ್ನನ್ನು ತಾನೇ ತೀರಿಸಿಕೊಳ್ಳುತ್ತದೆ. ಮದುವೆಯ ಮೆರವಣಿಗೆಗೆ, ಜಾತ್ರೆಯ ಆಡಂಬರಕ್ಕೆ ಮಾಡಿದ ಸಾಲ ಮಗಳ ಸಂಸಾರ ಆರಂಭವಾಗುವ ಮೊದಲೇ ತಂದೆಯ ಸಂಸಾರವನ್ನು ಮುಳುಗಿಸುತ್ತದೆ. ಸಾಮೂಹಿಕ ವಿವಾಹಗಳಿಗೆ ನಾವು ಒತ್ತಾಯಿಸುವುದು ಇದಕ್ಕಾಗಿಯೇ. ಹೆಬ್ಬೆಟ್ಟು ಒತ್ತುವ ಮುನ್ನ ವರ್ಷದ ಬಡ್ಡಿ ಎಷ್ಟು, ಒಟ್ಟು ತೀರಿಸುವುದೆಷ್ಟು ಎಂದು ಕೇಳಿ ಬರೆಸಿಕೊಳ್ಳಿರಿ. ತೀರಿಸಲು ಶಕ್ತಿಯಿದ್ದೂ ಮನ್ನಾ ಬರಲೆಂದು ಕಾಯಬೇಡಿರಿ. ಒಬ್ಬನು ಮುರಿದ ಪತ್ತು ಅವನ ಹಿಂದೆ ಸಾಲಿನಲ್ಲಿ ನಿಂತ ಹತ್ತು ಬಡವರ ಪತ್ತನ್ನೂ ಮುರಿಯುತ್ತದೆ.

ಕಾಯಕ ಮಾಡುವವನನ್ನು ನಂಬುವುದು, ನಂಬಿಕೆ ಪಡೆದವನು ಅದನ್ನು ಉಳಿಸಿಕೊಳ್ಳುವುದು, ಇವೆರಡೂ ಸೇರಿದರೆ ಸಮಾಜಕ್ಕೆ ಪತ್ತು ಬರುತ್ತದೆ. ಸರಕಾರ ಯೋಜನೆ ಕೊಡಬಹುದು, ನಂಬಿಕೆಯನ್ನು ನೀವೇ ಕೊಡಬೇಕು. ನಿಮ್ಮ ನಿಮ್ಮ ಊರಿನಲ್ಲಿ ಬಡ್ಡಿಯ ಬಾಯಿಗೆ ಬಿದ್ದ ಒಂದು ಮನೆಯನ್ನಾದರೂ ಗುರುತಿಸಿ, ಸಂಘಕ್ಕೋ ಬ್ಯಾಂಕಿಗೋ ಅವರ ಜೊತೆಗೆ ನೀವೇ ಹೋಗಿ, ಅವರ ಪತ್ತಿಗೆ ನಿಮ್ಮ ಮಾತನ್ನು ಜಾಮೀನಾಗಿ ಕೊಡಿರಿ. ಇದನ್ನೇ ನಾವು ನಿಮ್ಮಿಂದ ಗುರುಕಾಣಿಕೆಯಾಗಿ ಬಯಸುತ್ತೇವೆ.

ಗುರು ಲಿಂಗ ಜಂಗಮರ ಕೃಪೆ ನಿಮ್ಮೆಲ್ಲರ ಮೇಲಿರಲಿ, ನಿಮ್ಮ ಕಾಯಕಗಳು ಸಫಲವಾಗಲಿ ಎಂದು ಹರಸುತ್ತೇವೆ.