ಫ್ರಿಜ್ಜಿನ ಹಿಂದೆ ಬಿದ್ದ ಬೂದುಬಣ್ಣದ ಪುಡಿ

(ರೈತರು ಹಾಗೂ ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಹಿಂಗಾರಿ ಜೋಳ ಮತ್ತು ಕಡಲೆ ಬೆಳೆಯುವ ಎರೆಭೂಮಿಯ ಒಂದು ಹಳ್ಳಿ. ಅಲ್ಲಿಯ ಒಂದು ಒಕ್ಕಲುತನದ ಮನೆಯಲ್ಲಿ ಅಡುಗೆಮನೆಗೆ ಹೊಂದಿಕೊಂಡು ಒಂದು ಚಿಕ್ಕ ಕೋಣೆಯಿತ್ತು. ಉದ್ದ, ಅಗಲ, ಎತ್ತರ ಎಲ್ಲವೂ ಸುಮಾರು 10 ಅಡಿ. ಒಂದು ಗೋಡೆಗೆ ಜೋಳದ ಚೀಲಗಳ ಒಟ್ಟಿಲು, ಅದರ ಮಗ್ಗುಲಿಗೆ ಫ್ರಿಜ್ಜು. ಬೇರೆಡೆ ಜಾಗವಿಲ್ಲದ್ದರಿಂದ ಫ್ರಿಜ್ಜು ಅಲ್ಲಿಗೆ ಬಂದಿತ್ತು. ಪಕ್ಕದ ಕೋಣೆಯಲ್ಲಿ ಸೊಸೆ ಮತ್ತು ಎರಡು ಮಕ್ಕಳು ಮಲಗುತ್ತಿದ್ದರು. ನಡುವಿನ ಬಾಗಿಲಿಗೆ ಪರದೆ ಮಾತ್ರ ಇತ್ತು.

ಶ್ರಾವಣದ ಜಿಟಿಜಿಟಿ ಮಳೆಯ ದಿನಗಳು. ಒಂದು ಮುಂಜಾನೆ ಕಸ ಗುಡಿಸುವಾಗ ಸೊಸೆಗೆ ಫ್ರಿಜ್ಜಿನ ಹಿಂದೆ, ನೆಲದ ಮೇಲೆ, ಬೂದುಬಣ್ಣಕ್ಕೆ ತಿರುಗಿದ ಬಿಳಿಯ ಪುಡಿ ಕಂಡಿತು. ಒಂದು ಚಿಟಿಕೆಯಷ್ಟು. ಗುಡಿಸಿ ತಿಪ್ಪೆಗೆ ಚೆಲ್ಲಿದಳು. ಮರುದಿನ ಮತ್ತೆ ಅಷ್ಟೇ ಪುಡಿ. ನಾಲ್ಕಾರು ದಿನ ಹೀಗೆಯೇ ನಡೆದು ನಿಂತಿತು. ವಾರದ ನಂತರ ಮತ್ತೆ ಶುರುವಾಯಿತು, ಈ ಸಲ ಇನ್ನೂ ಹೆಚ್ಚು.

ಮೊದಲ ಸಂಶಯ ಫ್ರಿಜ್ಜಿನ ಮೇಲೆಯೇ ಹೋಯಿತು. ಅದು ಆಗಲೇ ಎರಡು ಸಲ ಕೆಟ್ಟು ನಿಂತಿತ್ತು. ರಿಪೇರಿಯವನು ಬಂದು ಹಿಂಬದಿಯ ತಗಡು ಬಿಚ್ಚಿ ನೋಡಿದ. ಒಳಗಿನ ಗ್ಯಾಸು ಸೋರಿದರೆ ಎಣ್ಣೆಯ ಕಲೆ ಕಾಣುತ್ತದೆಯೇ ಹೊರತು ಪುಡಿ ಬೀಳುವುದಿಲ್ಲ, ತಂಪು ಹಿಡಿಯಲು ತುಂಬಿದ ನೊರೆಪದಾರ್ಥ ಹೀಗೆ ಉದುರುವುದಿಲ್ಲ ಎಂದು ಹೇಳಿದ. ಅವನ ಮಾತು ಸರಿಯಾಗಿತ್ತು. ಆದರೆ ಅವನು ಇನ್ನೊಂದು ಸಂಗತಿಯನ್ನೂ ಹೇಳಿದ್ದ. ತಾಮ್ರದ ತಂತಿಗಳ ತುದಿ, ಸಣ್ಣ ಕೊಳವೆ ಎಲ್ಲ ಕಪ್ಪಗಾಗಿವೆ, ಇಷ್ಟು ಹೊಸ ಫ್ರಿಜ್ಜಿನಲ್ಲಿ ಹೀಗಾಗಬಾರದು ಎಂದು. ಮಳೆಗಾಲದ ತೇವ ಇರಬೇಕು ಎಂದು ಮನೆಯವರು ಸುಮ್ಮನಾದರು. ಹಾಗೆ ನೋಡಿದರೆ ಗುಟ್ಟು ಅಲ್ಲಿಯೇ ಬಯಲಾಗಬೇಕಿತ್ತು.

ಎರಡನೆಯ ಸಂಶಯ ಗೋಡೆಯ ಮೇಲೆ. ತೇವ ಹಿಡಿದ ಗೋಡೆಯಿಂದ ಉಪ್ಪು ಮೇಲೆದ್ದು ಸುಣ್ಣದಂತೆ ಉದುರುವುದು ಎಲ್ಲರಿಗೂ ಗೊತ್ತು. ಆದರೆ ಗೋಡೆ ಕೈಯಿಂದ ಒರೆಸಿದರೂ ಒಣಗಿಯೇ ಇತ್ತು. ಮೂರನೆಯ ಸಂಶಯ ನುಸಿಯ ಮೇಲೆ. ಜೋಳದಲ್ಲಿ ಮೂತಿಹುಳು ಬಿದ್ದಿತ್ತು, ಕಾಳು ಕೊರೆಯುವ ದುಂಬಿಯೂ ಇತ್ತು. ಅವು ಹಿಟ್ಟು ಉದುರಿಸುತ್ತವೆ. ಆದರೆ ಕಾಳಿನ ಹಿಟ್ಟು ಕೆನೆಬಣ್ಣದ್ದು, ಬೆರಳಿಗೆ ಜಿಡ್ಡಾಗಿ ಅಂಟುವಂಥದ್ದು, ಮುಗ್ಗಲು ಹಿಟ್ಟಿನ ವಾಸನೆಯುಳ್ಳದ್ದು. ಇದಾದರೋ ಬೂದಿಯಂತೆ ಹಗುರಾಗಿತ್ತು. ಫ್ರಿಜ್ಜಿನ ಕೆಳಗಿನ ಕಟ್ಟಿಗೆಯ ಮಣೆಯನ್ನು ಮಗುಚಿ ನೋಡಿದರು. ಕೊರೆಹುಳುವಿನ ಒಂದು ತೂತೂ ಇರಲಿಲ್ಲ.

ಹೈಸ್ಕೂಲಿನಲ್ಲಿ ಓದುವ ಹಿರಿಯ ಹುಡುಗ ಒಂದು ಪರೀಕ್ಷೆ ಮಾಡಿದ. ಸುಣ್ಣವಾದರೆ ನಿಂಬೆರಸಕ್ಕೆ ಬುರುಗು ಬರುತ್ತದೆಂದು ಪುಸ್ತಕದಲ್ಲಿ ಓದಿದ್ದ. ಬಟ್ಟಲಿಗೆ ಪುಡಿ ಹಾಕಿ ರಸ ಹಿಂಡಿ, ಮುಖವನ್ನು ಸಮೀಪ ಒಯ್ದು ನೋಡಿದ. ಬೆಳ್ಳುಳ್ಳಿ ಕೊಳೆತಂಥ ನಾತ ಮೂಗಿಗೆ ಹೊಡೆಯಿತು. ತಲೆ ಸುತ್ತಿ ಕುಳಿತುಬಿಟ್ಟ. ಈ ಪರೀಕ್ಷೆಯನ್ನು ಯಾರೂ ಯಾವ ಮನೆಯಲ್ಲೂ ಮಾಡಬಾರದು. ಹುಡುಗನ ಬುದ್ಧಿಯಲ್ಲಿ ದೋಷವಿರಲಿಲ್ಲ. ಆದರೆ ಗುರುತಿಲ್ಲದ ಪುಡಿಗೆ ನೀರನ್ನಾಗಲಿ ಹುಳಿಯನ್ನಾಗಲಿ ಬೆರೆಸುವುದು ಎಷ್ಟು ಅಪಾಯವೆಂಬುದು ಅವನ ಪುಸ್ತಕದಲ್ಲಿ ಇರಲಿಲ್ಲ.

ಈ ನಡುವೆ ಮನೆಯಲ್ಲಿ ಬೇರೆ ತೊಂದರೆಗಳೂ ನಡೆದಿದ್ದವು. ಸೊಸೆಗೂ ಮಕ್ಕಳಿಗೂ ಮುಂಜಾನೆ ಏಳುತ್ತಲೇ ತಲೆನೋವು, ವಾಕರಿಕೆ. ಚಿಕ್ಕ ಮಗುವಿಗೆ ಎರಡು ಸಲ ವಾಂತಿಯಾಗಿತ್ತು. ಮಕ್ಕಳು ಶಾಲೆಗೆ ಹೋದ ಮೇಲೆ, ಸೊಸೆ ಹೊಲಕ್ಕೆ ಹೋದ ಮೇಲೆ ಕಡಿಮೆಯಾಗುತ್ತಿತ್ತು. ಮಳೆಗಾಲದ ನೀರು ಬದಲಾಗಿದೆ ಎಂದುಕೊಂಡರು. ತಿಪ್ಪೆ ಕೆದರುವ ಕೋಳಿಗಳಲ್ಲಿ ಎರಡು ಸತ್ತಿದ್ದವು. ಕೋಳಿಗೆ ರೋಗ ಬಂದಿದೆ ಎಂದುಕೊಂಡರು. ಪುಡಿ, ತಲೆನೋವು, ಕೋಳಿ, ಕಪ್ಪಗಾದ ತಾಮ್ರ, ಈ ನಾಲ್ಕನ್ನೂ ಒಂದೇ ದಾರಕ್ಕೆ ಯಾರೂ ಪೋಣಿಸಲಿಲ್ಲ.

ಆ ಊರಿನಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆಂದು ತಂಗಿದ್ದ ಕೃಷಿ ಪದವಿಯ ವಿದ್ಯಾರ್ಥಿನಿಯೊಬ್ಬಳು ಬೆಳೆಯ ಲೆಕ್ಕ ಬರೆದುಕೊಳ್ಳಲು ಮನೆಗೆ ಬಂದಳು. ಹುಡುಗ ತಲೆ ಹಿಡಿದುಕೊಂಡು ಕುಳಿತಿದ್ದ. ಅವನ ಪರೀಕ್ಷೆಯ ಕಥೆ ಕೇಳಿದ ಹುಡುಗಿ ಪುಡಿಯನ್ನು ಮುಟ್ಟಲಿಲ್ಲ, ಕೋಣೆಯ ಒಳಗೂ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದಳು: ‘ಈ ಜೋಳಕ್ಕೆ ಏನು ಹಾಕೀರಿ?’ ಹೆಂಗಸರು ಏನೂ ಇಲ್ಲ ಎಂದರು. ಕಟ್ಟೆಯ ಮೇಲೆ ಕುಳಿತಿದ್ದ ಮಾವ ಸ್ವಲ್ಪ ತಡೆದು, ‘ಒಂದಿಷ್ಟು ಗುಳಿಗಿ ಇಟ್ಟೀನಿ’ ಎಂದ.

ಪೇಟೆಯ ಅಂಗಡಿಯೊಂದರಲ್ಲಿ ಕಾಗದದಲ್ಲಿ ಸುತ್ತಿ ಬಿಡಿಯಾಗಿ ಕೊಟ್ಟ 12 ಗುಳಿಗೆ. ಮೊದಲು ನಾಲ್ಕನ್ನು ಅರಿವೆಯ ಗಂಟು ಕಟ್ಟಿ ಚೀಲಗಳ ಸಂದಿನಲ್ಲಿ ಇಟ್ಟಿದ್ದ. ಹುಳು ಸಾಯಲಿಲ್ಲವೆಂದು ವಾರದ ನಂತರ ಮತ್ತೆ ನಾಲ್ಕು ಇಟ್ಟಿದ್ದ, ಈ ಸಲ ಗಂಟು ಕಟ್ಟದೆ. ಉಳಿದ ನಾಲ್ಕು ಒಂದು ತಗಡಿನ ಡಬ್ಬಿಯಲ್ಲಿ, ಗೋಡೆಯ ಮಾಡಿನಲ್ಲಿ ಇದ್ದವು. ಹೆಂಗಸರು ಹೆದರಬಾರದೆಂದು ಅವನು ಹೇಳಿರಲಿಲ್ಲ. ಕಸ ಗುಡಿಸುವವರು ಅವರೇ ಎಂಬುದು ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದೊಡನೆ ಅದು ಒಡೆದು ಫಾಸ್ಫಿನ್ ಎಂಬ ಉಗ್ರ ವಿಷಾನಿಲವನ್ನು ಬಿಡುತ್ತದೆ. ಅನಿಲ ಹೋದ ಮೇಲೆ ಉಳಿಯುವ ಬೂದುಬಿಳಿ ಪುಡಿಯು ಮುಖ್ಯವಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅದು ಅಷ್ಟು ಅಪಾಯಕಾರಿಯಲ್ಲ. ಆದರೆ ಒಡೆಯದೆ ಉಳಿದ ಗುಳಿಗೆಯ ಅಂಶ ಅದರಲ್ಲಿ ಸ್ವಲ್ಪವಾದರೂ ಇದ್ದೇ ಇರುತ್ತದೆ. ಅದನ್ನೇ ಕೋಳಿಗಳು ತಿಂದವು, ಅದಕ್ಕೇ ಹುಡುಗ ನಿಂಬೆರಸ ಹಿಂಡಿದ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುತ್ತದೆ. ಮಂಜು ಕರಗಿದ ನೀರು ಅಲ್ಲಿಯ ತಟ್ಟೆಗೆ ಇಳಿದು ಆವಿಯಾಗುತ್ತಿರುತ್ತದೆ. ಬಿಸಿ ಮತ್ತು ತೇವ ಎರಡೂ ಕೂಡಿದ ಆ ಜಾಗದಲ್ಲಿ ಸಂದಿನಿಂದ ಜಾರಿ ಬಿದ್ದ ಗುಳಿಗೆ ಬೇಗ ಒಡೆದು ಪುಡಿಯಾಯಿತು. ಫಾಸ್ಫಿನ್ ಅನಿಲಕ್ಕೆ ತಾಮ್ರವನ್ನು ತಿನ್ನುವ ಗುಣವಿದೆ. ಆದ್ದರಿಂದಲೇ ಗೋದಾಮುಗಳಲ್ಲಿ ಈ ಅನಿಲ ಬಿಡುವ ಮೊದಲು ವಿದ್ಯುತ್ ಉಪಕರಣಗಳನ್ನು ಹೊರಗೆ ಸಾಗಿಸುತ್ತಾರೆ. ಫ್ರಿಜ್ಜು ಎರಡು ಸಲ ಕೆಟ್ಟದ್ದಕ್ಕೆ ಕಾರಣ ಇದೇ ಇರಬೇಕು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಫಾಸ್ಫಿನ್ ಹೊರಡುತ್ತದೆ. ಅಂದರೆ ಸುಮಾರು ಮುಕ್ಕಾಲು ಲೀಟರಿಗೆ ಸಮೀಪದ ಅನಿಲ. 10 ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28,300 ಲೀಟರ್ ಗಾಳಿ ಹಿಡಿಸುತ್ತದೆ. ಅನಿಲ ಸೋರಿ ಹೋಗದಿದ್ದರೆ ಒಂದು ಗುಳಿಗೆಯಿಂದ ಗಾಳಿಯ 10 ಲಕ್ಷ ಭಾಗದಲ್ಲಿ 25 ಭಾಗ ವಿಷ ಸೇರುತ್ತದೆ. ಎರಡು ಗುಳಿಗೆಯಿಂದ 50 ಭಾಗ. 50 ಭಾಗವೆಂದರೆ ಜೀವಕ್ಕೆ ತತ್‌ಕ್ಷಣ ಅಪಾಯವೆಂದು ತಜ್ಞರು ಗೊತ್ತುಪಡಿಸಿರುವ ಮಟ್ಟ. ಈ ಮನೆಯಲ್ಲಿ ಒಂದೊಂದು ಸಲಕ್ಕೆ ಇಟ್ಟದ್ದು ನಾಲ್ಕು. ಹೆಂಚಿನ ಮಾಡು, ಬಾಗಿಲಿನ ಸಂದುಗಳು ಆ ಮಕ್ಕಳನ್ನು ಉಳಿಸಿದವು. ಸಿಮೆಂಟಿನ ಮಾಳಿಗೆಯ, ಬಿಗಿಯಾದ ಕಿಟಕಿಯ ಹೊಸ ಮನೆಯಾಗಿದ್ದರೆ ಈ ಉಪನ್ಯಾಸದ ವಿಷಯ ಬೇರೆಯಾಗುತ್ತಿತ್ತು.

ಅದೇ ಸೋರುವಿಕೆಯಿಂದ ಹುಳುಗಳೂ ಬದುಕಿಕೊಂಡವು. ಗಾಳಿಯಾಡದಂತೆ ಮುಚ್ಚದೆ ಇಟ್ಟ ಗುಳಿಗೆಯ ಅನಿಲ ಕಾಳಿನಲ್ಲಿ ನಿಲ್ಲದೆ ಮನುಷ್ಯರ ಕಡೆಗೆ ಹರಿಯುತ್ತದೆ. ಅರೆಬರೆ ಅನಿಲ ಕುಡಿದು ಉಳಿದ ಹುಳುಗಳ ಸಂತಾನ ಕ್ರಮೇಣ ಈ ವಿಷಕ್ಕೇ ಜಗ್ಗದಂತಾಗುತ್ತದೆ. ನಮ್ಮ ದೇಶದ ಉಗ್ರಾಣಗಳಲ್ಲಿ ಇದು ಆಗಲೇ ಕಂಡುಬಂದಿದೆ.

ಈ ಗುಳಿಗೆ ಮನೆಬಳಕೆಯ ವಸ್ತುವೇ ಅಲ್ಲ. 1968ರ ಕೀಟನಾಶಕ ಕಾಯಿದೆಯ ಕೆಳಗೆ ಇದರ ಮಾರಾಟಕ್ಕೆ ನಿರ್ಬಂಧವಿದೆ. ಸರ್ಕಾರ, ಸರ್ಕಾರದ ಉದ್ಯಮಗಳು ಮತ್ತು ಪರಿಣಿತರ ಮೇಲ್ವಿಚಾರಣೆಯುಳ್ಳ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಮಾರಬಹುದು. 3 ಗ್ರಾಂ ಗುಳಿಗೆಗಳನ್ನು 10 ಅಥವಾ 20ರಂತೆ ತುಂಬಿದ ಕೊಳವೆಡಬ್ಬಿಗಳನ್ನು 2001ರಲ್ಲಿ ಪೂರ್ತಿ ನಿಷೇಧಿಸಲಾಗಿದೆ. ಇಷ್ಟಾದರೂ ಅಂಗಡಿಯಲ್ಲಿ ಕಡಲೆಪುಟಾಣಿಯಂತೆ ಕಾಗದದಲ್ಲಿ ಕಟ್ಟಿ ಕೊಡುವವರಿದ್ದಾರೆ. ತಪ್ಪು ಕೊಂಡ ಮುದುಕನದಕ್ಕಿಂತ ಕೊಟ್ಟವರದು ದೊಡ್ಡದು.

ವಿದ್ಯಾರ್ಥಿನಿ ಮಾಡಿದ್ದು ಎಲ್ಲರೂ ತಿಳಿದಿರಬೇಕಾದ ಕ್ರಮ. ಮೊದಲು ಎಲ್ಲರನ್ನೂ ಮನೆಯಿಂದ ಹೊರಗೆ ಕಳಿಸಿದಳು. ಕಿಟಕಿಗಳನ್ನು ಹೊರಗಿನಿಂದ ತೆರೆಸಿದಳು. ಕೋಣೆಯ ಸ್ವಿಚ್ಚು ಮುಟ್ಟಗೊಡದೆ, ಹೊರಗೋಡೆಯ ಮೀಟರಿನ ಬಳಿಯೇ ವಿದ್ಯುತ್ ತೆಗೆಸಿದಳು. ಈ ಅನಿಲ ದಟ್ಟವಾದಲ್ಲಿ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಲ್ಲುದು. ಅತ್ತೆ ಒಂದು ಕೊಡ ನೀರು ತಂದು ತೊಳೆಯಲು ಹೊರಟಾಗ ಕೈಹಿಡಿದು ನಿಲ್ಲಿಸಿದಳು. ನೀರು ಬಿದ್ದರೆ ಉಳಿದ ಗುಳಿಗೆಯೆಲ್ಲ ಒಮ್ಮೆಲೇ ಅನಿಲವಾಗುತ್ತಿತ್ತು. 108ಕ್ಕೆ ಕರೆಮಾಡಿ, ಬಂದವರಿಗೆ ವಿಷದ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ಈ ವಿಷಕ್ಕೆ ಪ್ರತಿವಿಷವಿಲ್ಲ. ಉಸಿರು, ರಕ್ತದೊತ್ತಡ, ಹೃದಯ ಇವುಗಳನ್ನು ಕಾಯ್ದುಕೊಳ್ಳುವುದೇ ಚಿಕಿತ್ಸೆ. ಆದುದರಿಂದ ವೈದ್ಯರಿಗೆ ಹೆಸರು ಬೇಗ ತಿಳಿದಷ್ಟೂ ಲೇಸು. ಮಕ್ಕಳನ್ನು ಎರಡು ದಿನ ಆಸ್ಪತ್ರೆಯಲ್ಲಿಟ್ಟು ನೋಡಿ ಕಳಿಸಿದರು.

ವಾಸನೆ ಬಂದರೆ ತಿಳಿಯುತ್ತದೆ, ಇಲ್ಲದಿದ್ದರೆ ಭಯವಿಲ್ಲ ಎಂದು ನಂಬಿಕೊಂಡಿರಬಾರದು. ಬೆಳ್ಳುಳ್ಳಿಯ ನಾತ ಫಾಸ್ಫಿನ್‌ನೊಡನೆ ಬೆರೆತ ಕಲ್ಮಶದ್ದು. ಶುದ್ಧ ಅನಿಲಕ್ಕೆ ವಾಸನೆಯಿಲ್ಲ. ಹಗೇವಿನ ವಿಷಯದಲ್ಲಿ ಹಿರಿಯರು ಎಷ್ಟು ಎಚ್ಚರವಾಗಿದ್ದರೆಂದು ಇಲ್ಲಿ ನೆನೆಯಬಹುದು. ನೆಲದೊಳಗಿನ ಹಗೇವನ್ನು ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಅದು ಕಾಳು ಉಸಿರಾಡಿ ಕೆಡಿಸಿದ ಗಾಳಿಗೆ ತಕ್ಕ ಪರೀಕ್ಷೆ. ಈ ಗುಳಿಗೆಯ ಅನಿಲಕ್ಕೆ ಆ ದೀಪ ನಡೆಯದು. ಕೊಲ್ಲುವಷ್ಟು ವಿಷವಿದ್ದರೂ ದೀಪ ಆರುವುದಿಲ್ಲ.

ಹಾಗಾದರೆ ಹುಳುವಿಗೆ ಏನು ಮಾಡಬೇಕು? ನಿಜವಾದ ಉತ್ತರ ಸುಗ್ಗಿಯಲ್ಲೇ ಇದೆ. ಜೋಳದ ತೇವಾಂಶ ಶೇಕಡಾ 12ಕ್ಕಿಂತ ಕೆಳಗಿಳಿಯುವವರೆಗೆ ಬಿಸಿಲಿಗೆ ಹಾಕಬೇಕು. ಹಲ್ಲಿಗೆ ಇಟ್ಟರೆ ಕಾಳು ಕಟ್ಟೆಂದು ಒಡೆಯಬೇಕು, ಚಪ್ಪಟೆಯಾಗಬಾರದು. ಬಿಸಿ ಆರಿದ ಮೇಲೆ ತುಂಬಬೇಕು. ಹಳೆಯ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸದೆ ಬಳಸಬಾರದು; ಹೋದ ವರ್ಷದ ಹುಳು ಅವುಗಳ ಹೊಲಿಗೆಯಲ್ಲೇ ಕುಳಿತಿರುತ್ತದೆ. ಚೀಲಗಳನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಯ ಮೇಲೆ ಒಟ್ಟಬೇಕು. ಮುಚ್ಚಳ ಬಿಗಿಯಾದ ತಗಡಿನ ಕಣಜ ಅಥವಾ ಈಗ ದೊರೆಯುವ ಗಾಳಿಯಾಡದ ಒಳಪದರದ ಚೀಲಗಳಾದರೆ ಇನ್ನೂ ಉತ್ತಮ. ಅದರಲ್ಲಿ ಹುಳು ಇರುವಷ್ಟು ಪ್ರಾಣವಾಯುವನ್ನು ತಾನೇ ಉಸಿರಾಡಿ ಮುಗಿಸಿ ಸಾಯುತ್ತದೆ. ಮಧ್ಯೆ ಮಧ್ಯೆ ತೆರೆದರೆ ಆ ಲಾಭವಿಲ್ಲ. ಕಡಲೆ, ತೊಗರಿಗಳಿಗೆ ಹರಳೆಣ್ಣೆ ಸವರುವ ಅಜ್ಜಿಯ ರೂಢಿ ಇಂದಿಗೂ ಸರಿಯೇ. ಕಿಲೋ ಕಾಳಿಗೆ 5 ಮಿಲಿಲೀಟರ್ ಸಾಕು. ಬೇಳೆ ಮಾಡಿ ಇಟ್ಟರೆ ಕಾಳುದುಂಬಿಯ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಮಳೆಗಾಲದಲ್ಲಿ ಹುಳು ಬಿದ್ದೇ ಬಿಟ್ಟರೆ, ಹೊರವು ಬಂದ ದಿನ ಬಿಸಿಲಿಗೆ ಹರವಿ ಜರಡಿ ಹಿಡಿಯುವುದೇ ಮನೆಯಲ್ಲಿ ಮಾಡಬಹುದಾದ ಕೆಲಸ. ನೂರಾರು ಚೀಲವಿದ್ದು ಅನಿಲವೇ ಬೇಕೆಂದಾದರೆ, ವಾಸದ ಮನೆಯಿಂದ ದೂರದ ಉಗ್ರಾಣದಲ್ಲಿ, ಪರವಾನಗಿಯುಳ್ಳವರ ಕೈಯಿಂದಲೇ ಮಾಡಿಸಬೇಕು.

ಪುಡಿ ಬಿದ್ದ ಎರಡು ಚೀಲ ಜೋಳವನ್ನು ಆ ಮನೆಯವರು ತಿನ್ನಲಿಲ್ಲ, ದನಗಳಿಗೂ ಹಾಕಲಿಲ್ಲ. ಮಾಡಿನಲ್ಲಿದ್ದ ಡಬ್ಬಿಯನ್ನು ಪರವಾನಗಿಯುಳ್ಳ ಕೀಟ ನಿಯಂತ್ರಣದವರು ಬಂದು ಒಯ್ದರು, ನೆಲದ ಪುಡಿಯನ್ನೂ ಅವರೇ ತೆಗೆದರು. ಫ್ರಿಜ್ಜಿಗೆ ಹೊಸ ತಂತಿ ಹಾಕಿಸಿ ಪಡಸಾಲೆಗೆ ತಂದಿದ್ದಾರೆ. ಕಾಳಿಗೆ ಏನೇ ಬೆರೆಸಿದರೂ ಅದರ ಹೆಸರು ಮತ್ತು ತಾರೀಖನ್ನು ಸೊಸೆ ಈಗ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾಳೆ. ಈಚೆಗೆ ಬರೆದದ್ದು ಹರಳೆಣ್ಣೆ, ತೊಗರಿಗೆ.