ನಾದದ ಹಲಗೆ ಮತ್ತು ನಮ್ಮ ನಡುಮನೆ

(ಜಯನಗರದಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಒಳ್ಳೆಯ ಧ್ವನಿವರ್ಧಕ ಎಂದರೆ ದೊಡ್ಡ ಪೆಟ್ಟಿಗೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ರೇಡಿಯೋಗ್ರಾಂ ಕಾಲದಿಂದಲೂ ನಡುಮನೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಹೂದಾನಿ. ಆದರೆ ಪೆಟ್ಟಿಗೆಯೇ ಇಲ್ಲದೆ, ಬಾಗಿಲ ಹಲಗೆಯ ಹಾಗೆ ಚಪ್ಪಟೆಯಾಗಿ ನಿಲ್ಲುವ ಸ್ಪೀಕರುಗಳೂ ಇವೆ. ಅವನ್ನು ಕೇಳಿದವರಲ್ಲಿ ಒಬ್ಬರು ‘ತಂಬೂರಿ ಎದುರಿಗೇ ಮೀಟಿದ ಹಾಗಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಅಷ್ಟು ದುಡ್ಡು ಸುರಿದರೂ ಮೃದಂಗದಲ್ಲಿ ಗುಂಗೇ ಇಲ್ಲ’ ಎಂದು ಕೊರಗುತ್ತಾರೆ. ಇಬ್ಬರ ಮಾತೂ ನಿಜವೇ. ವ್ಯತ್ಯಾಸ ಅನೇಕ ಸಲ ಸ್ಪೀಕರಿನದಲ್ಲ, ಅದರ ಹಿಂದಿರುವ ಗೋಡೆಯದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಪೆಟ್ಟಿಗೆ ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. ನಾವೆಲ್ಲ ಬಲ್ಲ ಶಂಕುವಿನಾಕಾರದ ಸ್ಪೀಕರಿಗೆ ಗಟ್ಟಿಯಾದ ಬುನಾದಿ ಹಾಕಿದವರು ಅಮೆರಿಕದ ರೈಸ್ ಮತ್ತು ಕೆಲ್ಲಾಗ್, 1925ರಲ್ಲಿ. ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು. ಶಂಕು ಮುಂದಕ್ಕೆ ಹೋದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಬೆನ್ನಿನ ಗಾಳಿಯನ್ನು ಎಳೆಯುತ್ತದೆ. ಒಂದು ಮೊರವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ ನೋಡಿ: ಗಾಳಿ ಅಂಚಿನಿಂದ ಹಿಂದಕ್ಕೆ ಜಾರಿಕೊಳ್ಳುತ್ತದೆ, ಎದುರಿಗಿದ್ದವರಿಗೆ ಏನೂ ತಾಗುವುದಿಲ್ಲ. ಬಿರುಸಾಗಿ ಆಡಿಸಿದರೆ ಜಾರಲು ಸಮಯ ಸಿಗದೆ ಗಾಳಿ ಮುಂದಕ್ಕೆ ಬರುತ್ತದೆ. ಸ್ಪೀಕರಿನಲ್ಲೂ ಹಾಗೆಯೇ. ನಿಧಾನದ ಕಂಪನಗಳು, ಅಂದರೆ ಮಂದ್ರ ಸ್ವರಗಳು, ಅಂಚು ಸುತ್ತಿ ಹಿಂದಿನದರೊಡನೆ ಸೇರಿ ಅಳಿದುಹೋಗುತ್ತವೆ. ಅದನ್ನು ತಡೆಯಲೆಂದು ಹಿಂಭಾಗದ ಶಬ್ದವನ್ನು ಪೆಟ್ಟಿಗೆಯೊಳಗೆ ಬಂಧಿಸಿದರು. ಆದರೆ ಬಂಧಿಸಿದ ಶಬ್ದ ಸುಮ್ಮನಿರುವುದಿಲ್ಲ. ಪೆಟ್ಟಿಗೆಯನ್ನೇ ನಡುಗಿಸಿ, ಗಾಯಕನ ಕಂಠಕ್ಕೆ ತುಸು ಡಬ್ಬದ ದನಿಯನ್ನು ಬೆರೆಸುತ್ತದೆ.

ಚಪ್ಪಟೆ ಹಲಗೆಯಿಂದ ನಾದ ಹೊರಡಿಸುವುದು ನಮಗೆ ಹೊಸದೇನಲ್ಲ. ವೀಣೆಯ ತಂತಿಯೊಂದರಿಂದಲೇ ಹೊರಡುವ ಶಬ್ದ ಅತ್ಯಲ್ಪ. ಕುದುರೆಯ ಮೂಲಕ ಆ ಕಂಪನ ಕೊಡದ ಮೇಲಿನ ಹಲಗೆಗೆ ಇಳಿದಾಗಲೇ ಅದು ಸಭೆಗೆ ಕೇಳುವುದು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ.ವಿ. ರಾಮನ್ ಅದಕ್ಕೂ ಮುಂಚೆ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಅಗಲವಾದ, ಬಾಗಿದ ಕುದುರೆಯನ್ನು ಕುರಿತು ಪ್ರಬಂಧ ಬರೆದರು. ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದ ಉಪಸ್ವರಗಳು ಈ ವಾದ್ಯಗಳಲ್ಲಿ ಸ್ಪಷ್ಟವಾಗಿ ಕೇಳುತ್ತವೆ ಎಂದು ಅವರು ತೋರಿಸಿದರು. ತಂಬೂರಿಗೆ ಜೀವ ಕೊಡುವುದು ಈ ಉಪಸ್ವರಗಳ ಸಮೂಹವೇ. ಹಗುರವಾದ ಫಲಕಗಳು ಚೆನ್ನಾಗಿ ಒಪ್ಪಿಸುವುದೂ ಇದನ್ನೇ.

ಫಲಕ ಸ್ಪೀಕರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸ್ಥಾಯೀ ವಿದ್ಯುತ್ತಿನದು. ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ತೂತುಗಳಿರುವ ಎರಡು ಲೋಹದ ತಟ್ಟೆಗಳ ನಡುವೆ ಬಿಗಿದು, ಅದಕ್ಕೆ ಸಾವಿರಾರು ವೋಲ್ಟುಗಳ ವಿದ್ಯುದಾವೇಶ ಕೊಡುತ್ತಾರೆ. ಸಂಗೀತದ ಸಂಕೇತ ತಟ್ಟೆಗಳಿಗೆ ಹೋಗುತ್ತದೆ. ಒಂದು ತಟ್ಟೆ ಎಳೆದಾಗ ಇನ್ನೊಂದು ತಳ್ಳುತ್ತದೆ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಸ್ಪೀಕರು 1957ರಲ್ಲಿ ಮಾರುಕಟ್ಟೆಗೆ ಬಂದದ್ದು ಈ ತತ್ತ್ವದ ಮೇಲೆ. ಎರಡನೆಯದು ಆಯಸ್ಕಾಂತದ್ದು. ಇಲ್ಲಿ ಪೊರೆಯ ಮೈಮೇಲೆಯೇ ತಂತಿಯನ್ನು ಅಂಟಿಸಿ, ಎದುರಿಗೆ ಆಯಸ್ಕಾಂತದ ಪಟ್ಟಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಅಮೆರಿಕದ ಜಿಮ್ ವೈನಿ 1969ರಲ್ಲಿ ಆರಂಭಿಸಿದ ಮ್ಯಾಗ್ನೆಪ್ಯಾನ್ ಕಂಪನಿಯ ದಾರಿ ಇದು. ಮೂರನೆಯ ಬಗೆಯಲ್ಲಿ ಪೊರೆಯೇ ಇಲ್ಲ. ಹಗುರವಾದ ಗಟ್ಟಿ ಹಲಗೆಯ ಬೆನ್ನಿಗೆ ಕಂಪಕವೊಂದನ್ನು ಅಂಟಿಸಿದರೆ, ಕೆರೆಗೆ ಕಲ್ಲೆಸೆದಾಗ ಅಲೆ ಹಬ್ಬಿದಂತೆ, ಹಲಗೆಯುದ್ದಕ್ಕೂ ಬಾಗುವ ಅಲೆಗಳು ಹರಡುತ್ತವೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ವಿದ್ಯೆ ಇದು. 2017ರಲ್ಲಿ ಸೋನಿ ಕಂಪನಿ ತಂದ ಟಿ.ವಿ. ಒಂದರಲ್ಲಿ ಪರದೆಯೇ ಹೀಗೆ ಕಂಪಿಸಿ ಮಾತಾಡುತ್ತದೆ.

ಮೊದಲ ಎರಡು ಬಗೆಗಳಲ್ಲಿ ಪೆಟ್ಟಿಗೆ ಇಲ್ಲವಾದ್ದರಿಂದ ಮುಂದಕ್ಕೆ ಎಷ್ಟು ಶಬ್ದವೋ ಹಿಂದಕ್ಕೂ ಅಷ್ಟೇ ಶಬ್ದ. ಪಕ್ಕಗಳಿಗೆ ಮಾತ್ರ ಬಹಳ ಕಡಿಮೆ. ಮೇಲಿನಿಂದ ನೋಡಿದರೆ ಶಬ್ದ ಹರಡುವ ರೀತಿ ಇಂಗ್ಲಿಷಿನ 8ರ ಅಂಕಿಯನ್ನು ಹೋಲುತ್ತದೆ. ಇದರಿಂದ ಒಂದು ಲಾಭ, ಒಂದು ನಷ್ಟ.

ಲಾಭವೆಂದರೆ, ಕಿರಿದಾದ ಕೋಣೆಯಲ್ಲೂ ಪಕ್ಕದ ಗೋಡೆಗಳಿಂದ ಗೊಂದಲ ಕಡಿಮೆ. ನಮ್ಮ ಬನಶಂಕರಿ, ಜೆ.ಪಿ. ನಗರಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದ ಮನೆಗಳ ಹಜಾರ ಹತ್ತು ಹನ್ನೆರಡು ಅಡಿ ಅಗಲವಿದ್ದರೆ ಹೆಚ್ಚು. ಅಲ್ಲಿ ಇದು ದೊಡ್ಡ ಅನುಕೂಲ.

ನಷ್ಟ ಹಿಂದಿನ ಗೋಡೆಯದು. ಪೆಟ್ಟಿಗೆಯ ಸ್ಪೀಕರನ್ನು ಗೋಡೆಗೆ ಒತ್ತಿದರೆ ಮಂದ್ರ ಹೆಚ್ಚುತ್ತದೆ. ಫಲಕವನ್ನು ಒತ್ತಿದರೆ ಮಂದ್ರ ಸಾಯುತ್ತದೆ. ಹಿಂದಿನ ಅಲೆ ಗೋಡೆಗೆ ತಾಗಿ ತಕ್ಷಣ ಮರಳಿ, ಮುಂದಿನದನ್ನು ಅಳಿಸಿಬಿಡುತ್ತದೆ. ಒಂದು ಮನೆ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಗೋಡೆ ಶಬ್ದವನ್ನು ಪೂರ್ತಿಯಾಗಿ ಮರಳಿಸುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಫಲಕ ಗೋಡೆಯಿಂದ ಒಂದಡಿ ದೂರದಲ್ಲಿದ್ದಾಗ ಸಿಗುವುದಕ್ಕಿಂತ ಮೂರಡಿ ದೂರದಲ್ಲಿದ್ದಾಗ ಈ ಸ್ವರದ ಒತ್ತಡ ಎರಡು ಪಟ್ಟಿಗೂ ಹೆಚ್ಚು. ಮೃದಂಗದ ಎಡಮುಖದ ಗುಂಗು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲಿದೆ.

ಇನ್ನು ಮನೆಯಲ್ಲಿ ಇಡುವ ಕ್ರಮ. ಫಲಕಗಳ ಬೆನ್ನಿಗೆ ಮೂರಡಿಯಾದರೂ ಜಾಗ ಬಿಡಿ. ಎರಡರ ನಡುವೆ ಆರೇಳು ಅಡಿ ಇರಲಿ. ನೀವು ಕೂರುವ ಜಾಗದಿಂದ ಎರಡಕ್ಕೂ ಸಮದೂರವಿರಲಿ. ಎರಡನ್ನೂ ತುಸು ನಿಮ್ಮ ಕಡೆ ತಿರುಗಿಸಿ. ಕಂಠವೊಂದೇ ಇರುವ ಹಳೆಯ ಮೋನೋ ಧ್ವನಿಮುದ್ರಣ ಹಾಕಿ, ಕಣ್ಣು ಮುಚ್ಚಿ ಕೇಳಿ. ಗಾಯಕರು ಎರಡು ಫಲಕಗಳ ನಟ್ಟನಡುವೆ ಕೂತು ಹಾಡಿದಂತೆ ಕೇಳಿಸಬೇಕು. ಹಾಗಾಗದಿದ್ದರೆ ಒಂದೊಂದೇ ಅಂಗುಲ ಸರಿಸಿ. ಎರಡೂ ಸ್ಪೀಕರುಗಳ ತಂತಿಗಳಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದೂ ನೋಡಿ. ಒಂದರಲ್ಲಿ ಅದಲುಬದಲಾದರೂ ಮಂದ್ರ ಮಾಯವಾಗಿ ಕಂಠ ಚೆದುರುತ್ತದೆ.

ನಮ್ಮ ಮನೆಗಳಲ್ಲಿ ಚಾಪೆ ಹಾಸಿ ನೆಲದ ಮೇಲೆ ಕೂತು ಕೇಳುವವರಿದ್ದಾರೆ. ಫಲಕದ ಎತ್ತರ, ಓರೆ ಅವರ ಕಿವಿಯ ಮಟ್ಟಕ್ಕೆ ಹೊಂದಬೇಕು. ಸೋಫಾದ ಲೆಕ್ಕ ಬೇರೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಪ್ರತಿಧ್ವನಿ ಬಂದರೆ ನೆಲದ ಮೇಲೆ ಜಮಖಾನೆ ಹಾಸಬೇಕು. ಹಳೆಯ ರೆಡ್‌ಆಕ್ಸೈಡ್ ನೆಲವಾಗಲಿ, ಬಿ.ಟಿ.ಎಂ. ಬಡಾವಣೆಯ ಫ್ಲಾಟುಗಳ ಹೊಳೆಯುವ ಟೈಲ್ಸ್ ಆಗಲಿ, ಈ ವಿಷಯದಲ್ಲಿ ಎರಡೂ ಒಂದೇ. ಫಲಕದ ಹಿಂದಿನ ಗೋಡೆಗೆ ಏರುಪೇರಾಗಿ ಪುಸ್ತಕ ಜೋಡಿಸಿದ ಕಪಾಟು ಒಳ್ಳೆಯದು. ಅದು ಅಲೆಯನ್ನು ಚೆದುರಿಸುತ್ತದೆ. ಗಾಜಿನ ಷೋಕೇಸ್ ಬೇಡ, ಅದು ಜೊತೆಗೆ ಗಿಲಗಿಲಿಸುತ್ತದೆ. ನಿಮ್ಮ ತಲೆಯೂ ಗೋಡೆಗೆ ಅಂಟಿಕೊಂಡಿರದಿರಲಿ.

ಮೂರಡಿ ಜಾಗ ಎಲ್ಲಿಂದ ತರೋಣ ಎಂದು ಕೇಳುತ್ತೀರಿ. ಫಲಕ ಹಗುರವಾಗಿದ್ದರೆ ನೆಲದ ಮೇಲೆ ಗುರುತು ಮಾಡಿಟ್ಟು, ಕೇಳುವ ಹೊತ್ತಿಗಷ್ಟೇ ಮುಂದಕ್ಕೆ ತನ್ನಿ. ಮಕ್ಕಳಿರುವ ಮನೆಯಲ್ಲಿ ಅದು ಮಗುಚದಂತೆ ಬುಡ ಭದ್ರವಾಗಿರಬೇಕು. ಸ್ಥಾಯೀ ವಿದ್ಯುತ್ತಿನ ಫಲಕಕ್ಕೆ ಪ್ಲಗ್ ಪಾಯಿಂಟೂ ಬೇಕು. ಧೂಳು, ತೇವ ಅದಕ್ಕಾಗದು. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಖಂಡಿತ ಬೇಡ. ಆಯಸ್ಕಾಂತದ ಫಲಕಕ್ಕೆ ಪ್ಲಗ್ ಬೇಡ, ಆದರೆ ಬಲವಾದ ಆಂಪ್ಲಿಫೈಯರ್ ಬೇಕು. ಗೋಡೆಗೆ ಆತುಕೊಂಡೇ ಇಡಬೇಕಾದ ಅನಿವಾರ್ಯವಿದ್ದರೆ ಈ ಎರಡನ್ನೂ ಬಿಟ್ಟು ಒಂದು ಒಳ್ಳೆಯ ಸಣ್ಣ ಪೆಟ್ಟಿಗೆಯ ಸ್ಪೀಕರ್ ಕೊಳ್ಳುವುದೇ ಜಾಣತನ. ಅದರಲ್ಲಿ ಅವಮಾನವೇನೂ ಇಲ್ಲ.

ನೆರೆಹೊರೆಯ ಮಾತೂ ಇದೆ. ಫಲಕದ ಹಿಂದಿನ ಗೋಡೆಯ ಆಚೆ ಪಕ್ಕದ ಫ್ಲಾಟಿನವರ ಮಲಗುವ ಕೋಣೆಯಿದ್ದರೆ, ನಿಮ್ಮ ಕಲ್ಯಾಣಿ ರಾಗದಲ್ಲಿ ಅವರಿಗೂ ದೊಡ್ಡ ಪಾಲು ಸಿಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿ ಹಾಕಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಕಾನೂನಿಗಿಂತ ಮುಂಚೆ ದಾಕ್ಷಿಣ್ಯವಿದೆ. ಬೇರೆ ಗೋಡೆಯನ್ನು ಆರಿಸಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ? ಚಾಮರಾಜಪೇಟೆಯ ರಾಮನವಮಿ ಕಚೇರಿಗಳನ್ನು ವರ್ಷವೂ ತಪ್ಪಿಸದಿದ್ದ ಹಿರಿಯರು ಎಷ್ಟೋ ಜನ ಮಂಡಿನೋವು, ವಾಹನಸಂದಣಿಗಳ ದೆಸೆಯಿಂದ ಈಗ ಮನೆಯಲ್ಲೇ ಉಳಿದಿದ್ದಾರೆ. ಅವರ ಪಾಲಿಗೆ ನಡುಮನೆಯೇ ಸಭಾಂಗಣ. ಆ ಕೋಣೆಯಲ್ಲಿ ಸಾಹಿತ್ಯದ ಅಕ್ಷರ ಕೇಳಬೇಕು, ತಂಬೂರಿ ತುಂಬಿರಬೇಕು. ದುಬಾರಿ ಫಲಕ ತಂದು ಗೋಡೆಗೆ ಒರಗಿಸಿದರೆ ದುಡ್ಡೂ ಹೋಯಿತು, ನಾದವೂ ಹೋಯಿತು. ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ನಿಮ್ಮ ಹಜಾರವನ್ನು ಅಳೆಯಿರಿ. ಕೊಳ್ಳುವುದಕ್ಕೂ ಮುಂಚೆ ಎರಡು ದಿನ ನಿಮ್ಮ ಮನೆಯಲ್ಲೇ ಇಟ್ಟು ಕೇಳಲು ಕೊಡುತ್ತಾರೆಯೇ ಎಂದು ವಿಚಾರಿಸಿ.