ಮಳೆಯಲ್ಲಿ ನೆನೆದ ರಜೆ

ಬಿಡುವಿನ ದಿನಗಳು ತಾವೆಣಿಸಿದಂತೆಯೇ ಕಳೆಯಬೇಕೆಂಬ ಹಟ ಮಕ್ಕಳಿಗಿಂತ ಹಿರಿಯರಿಗೇ ಹೆಚ್ಚು.

ಒಂದು ದೀಪಾವಳಿಯ ರಜೆಯಲ್ಲಿ ನಾನು ರಂಗಂಪೇಟೆಯಿಂದ ಹೆಂಡತಿ ಮಕ್ಕಳೊಡನೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೊರಟೆ. ಸಮೀಪದ ಹೊಲವೊಂದರಲ್ಲಿ ಡೇರೆ ಹಾಕಿ, ಎರಡು ದಿನ ಹಕ್ಕಿಗಳನ್ನು ನೋಡುವುದೆಂದು ಯೋಚನೆ. ಮೊದಲ ರಾತ್ರಿಯೇ ಜಡಿಮಳೆ ಹಿಡಿಯಿತು. ಎರೆಮಣ್ಣಿನಲ್ಲಿ ಗೂಟಗಳು ಸಡಿಲಿದವು. ಹಾಸಿಗೆಯೂ ರೊಟ್ಟಿಯ ಬುತ್ತಿಯೂ ನೆನೆದವು. "ಅಪ್ಪಾ, ಹಕ್ಕಿ ಯಾವಾಗ ಬರ್ತಾವ?" ಎಂದ ಕಿರಿಯ ಮಗಳನ್ನು ಗದರಿಬಿಟ್ಟೆ. ಅವಳು ಅಳಲಿಲ್ಲ, ಸುಮ್ಮನಾದಳು. ಆ ಮೌನವೇ ನನ್ನನ್ನು ಚುಚ್ಚಿತು.

ಬೆಳಗ್ಗೆ ಹೊಲದ ಒಡೆಯನು ನಮ್ಮನ್ನು ತನ್ನ ಗುಡಿಸಲಿಗೆ ಕರೆದು ಒಲೆಯ ಮುಂದೆ ಕೂಡಿಸಿದನು. "ಯಾಕ್ರೀ ಮಾಸ್ತರ್ರ, ಮಳಿಗೆ ಮಾರಿ ಗಂಟು ಹಾಕೀರಿ? ಬಿತ್ತಿದ ಬಿಳಿಜ್ವಾಳಕ್ಕ ಇದು ಅಮೃತ ಐತ್ರಿ" ಎಂದನು. ನಿಜವೇ. ನಮ್ಮ ಹಿಂಗಾರಿ ಜೋಳ ಬೆಳೆಯುವುದು ಎರೆಯಲ್ಲಿ ನಿಂತ ತೇವದಿಂದ. ನನ್ನ ರಜೆ ಕೆಡಿಸಿದ ಮಳೆ ಅವನಿಗೆ ವರ್ಷದ ರೊಟ್ಟಿ.

ಮಗಳಿಗೆ "ತಪ್ಪಾತವ್ವಾ" ಎಂದೆ. ಆ ದಿನ ಹಕ್ಕಿ ಕಾಣಲಿಲ್ಲ. ಒಲೆಯ ಸುತ್ತ ಕುಳಿತು ಒಗಟು ಹೇಳಿದೆವು. ಇಂದಿಗೂ ಮಕ್ಕಳು ನೆನೆಯುವುದು ಆ ಒಗಟುಗಳನ್ನೇ.

ಹೊರಡುವಾಗ ಒಣ ಬಟ್ಟೆಯ ಗಂಟೊಂದನ್ನು ಬೇರೆ ಕಟ್ಟಿರಿ. ಡೇರೆಯನ್ನು ಎತ್ತರದ ನೆಲದಲ್ಲಿ ಹೂಡಿರಿ. ಆದರೂ ಮಳೆ ಬಂದರೆ, ಸಿಟ್ಟನ್ನು ಮಕ್ಕಳ ಮೇಲೆ ಸುರಿಸಬೇಡಿರಿ.